ಬೇಟೆಯ ಕಲ್ಲು, ಕೊಂಬಿನ ಬೂದಿ: ಖಡ್ಗಮೃಗದ ಶಿಲ್ಪಕಥನ

2021ರ ಸೆಪ್ಟೆಂಬರ್ 22ರಂದು, ವಿಶ್ವ ಖಡ್ಗಮೃಗ ದಿನದಂದು, ಅಸ್ಸಾಮಿನ ಬೊಕಾಖಾತ್ ಪಟ್ಟಣದಲ್ಲಿ 2,479 ಖಡ್ಗಮೃಗದ ಕೊಂಬುಗಳನ್ನು ಚಿತೆಗೇರಿಸಿ ಸುಡಲಾಯಿತು. ದಶಕಗಳಿಂದ ರಾಜ್ಯದ ಜಿಲ್ಲಾ ಖಜಾನೆಗಳಲ್ಲಿ ಬೀಗಮುದ್ರೆಯೊಳಗೆ ಇದ್ದ ಕೊಂಬುಗಳವು. ಕಳ್ಳಬೇಟೆಗಾರರಿಂದ ವಶಪಡಿಸಿಕೊಂಡವೂ ಅವುಗಳಲ್ಲಿದ್ದವು. ಪ್ರವಾಹದಲ್ಲಿ, ಮುಪ್ಪಿನಲ್ಲಿ, ಕಾದಾಟದಲ್ಲಿ ಸತ್ತ ಪ್ರಾಣಿಗಳ ಕೊಂಬುಗಳೂ ಇದ್ದವು. ಮರುವರ್ಷದ ಸೆಪ್ಟೆಂಬರಿನಲ್ಲಿ, ಆ ಬೂದಿಯನ್ನು ಬೆರೆಸಿ ನಿರ್ಮಿಸಿದ ಮೂರು ಖಡ್ಗಮೃಗಗಳ ಶಿಲ್ಪಗಳನ್ನು ಕಾಜಿರಂಗ ರಾಷ್ಟ್ರೀಯ ಉದ್ಯಾನದ ಮಿಹಿಮುಖ್ ಎಂಬಲ್ಲಿ ಅನಾವರಣಗೊಳಿಸಲಾಯಿತು. 'ಅಬೋಡ್ ಆಫ್ ದ ಯೂನಿಕಾರ್ನ್ಸ್', ಎಂದರೆ ಒಂಟಿಕೊಂಬಿನ ಮೃಗಗಳ ನೆಲೆ ಎಂಬುದು ಆ ಸ್ಮಾರಕಕ್ಕೆ ಇಟ್ಟ ಹೆಸರು.

ಭಾರತೀಯ ಶಿಲ್ಪದ ದೀರ್ಘ ಇತಿಹಾಸವನ್ನು ಬಲ್ಲವರಿಗೆ ಈ ಘಟನೆ ಒಂದು ಪ್ರಶ್ನೆಯನ್ನು ಒಡ್ಡುತ್ತದೆ. ಬೇಟೆಯನ್ನು ಕುರಿತ ಶಿಲ್ಪಗಳು ನಮ್ಮಲ್ಲಿ ಹೇರಳವಾಗಿವೆ. ಆದರೆ ಅವು ಯಾರ ಪಕ್ಷ ವಹಿಸಿ ಮಾತನಾಡುತ್ತವೆ? ಬಾಣ ಹಿಡಿದವನ ಪಕ್ಷವೋ, ಬಾಣ ತಾಗಿದ ಮೃಗದ ಪಕ್ಷವೋ? ಕಾಜಿರಂಗದ ಶಿಲ್ಪಗಳ ಮಹತ್ವವನ್ನು ಅಳೆಯಬೇಕಾದರೆ ಮೊದಲು ಈ ಪ್ರಶ್ನೆಯನ್ನು ಹಳೆಯ ಕಲ್ಲುಗಳಿಗೆ ಹಾಕಿ ನೋಡಬೇಕು.

ಕನ್ನಡ ಸಾಹಿತ್ಯದ ವಿದ್ಯಾರ್ಥಿಗೆ ಈ ಸಂದರ್ಭದಲ್ಲಿ ತಟ್ಟನೆ ನೆನಪಾಗುವುದು ಆತಕೂರಿನ ಕಲ್ಲು. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಈ ಶಿಲಾಶಾಸನದ ಕಾಲ ಶಕವರ್ಷ 872. ರಾಷ್ಟ್ರಕೂಟ ಮುಮ್ಮಡಿ ಕೃಷ್ಣನೂ ಗಂಗ ಇಮ್ಮಡಿ ಬೂತುಗನೂ ತಕ್ಕೋಲದಲ್ಲಿ ಚೋಳ ರಾಜಾದಿತ್ಯನನ್ನು ಗೆದ್ದ ಸಂಗತಿಯನ್ನು ತಿಳಿಸುವುದರಿಂದ ಇತಿಹಾಸಕಾರರು ಇದನ್ನು ಮತ್ತೆ ಮತ್ತೆ ಉಲ್ಲೇಖಿಸುತ್ತಾರೆ. ಆದರೆ ಕಲ್ಲಿನ ಮೇಲೆ ಕೆತ್ತಿರುವ ಚಿತ್ರ ಯುದ್ಧದ್ದಲ್ಲ. ಒಂದು ಬೇಟೆನಾಯಿ ಮತ್ತು ಒಂದು ಕಾಡುಹಂದಿ ಎದುರುಬದುರಾಗಿ ಸೆಣಸುತ್ತಿರುವ ಚಿತ್ರವದು. ಬೂತುಗನ ಸೇವಕ ಮಣಲೆರನ ಪರಾಕ್ರಮಕ್ಕೆ ಮೆಚ್ಚಿದ ಅರಸನು ಬೇಕಾದುದನ್ನು ಬೇಡು ಎಂದಾಗ, ಆತ ಊರನ್ನಾಗಲಿ ಹೊನ್ನನ್ನಾಗಲಿ ಕೇಳದೆ ಕಾಳಿ ಎಂಬ ನಾಯಿಯನ್ನು ಕೇಳಿ ಪಡೆದ. ಬೆಳ್ತೂರಿನ ಪಡುವಣ ಮೊರಡಿಯಲ್ಲಿ ಆ ನಾಯಿಯನ್ನು ದೊಡ್ಡ ಹಂದಿಯೊಂದರ ಮೇಲೆ ಬಿಟ್ಟಾಗ ಎರಡೂ ಸತ್ತವು. ಮಣಲೆರ ನಾಯಿಗಾಗಿ ಚಲ್ಲೇಶ್ವರ ದೇಗುಲದ ಮುಂದೆ ಕಲ್ಲು ನಿಲ್ಲಿಸಿ, ಭೂಮಿಯನ್ನು ದತ್ತಿಯಾಗಿ ಬಿಟ್ಟ. ಆ ಕಲ್ಲಿಗೆ ಪೂಜೆ ಸಲ್ಲಿಸದೆ ಊಟ ಮಾಡುವ ಗೊರವನಿಗೆ ಪಾಪ ತಟ್ಟುವುದೆಂಬ ಶಾಪವನ್ನೂ ಬರೆಸಿದ.

ಇದನ್ನು ಕೇವಲ ಶ್ವಾನಪ್ರೀತಿಯ ದಾಖಲೆಯೆಂದು ಓದಿ ಮುಗಿಸುವುದು ರೂಢಿ. ಆದರೆ ಕಲ್ಲನ್ನು ಇನ್ನೊಂದು ಬಗೆಯಲ್ಲೂ ಓದಲು ಸಾಧ್ಯವಿದೆ. ನಾಯಿಗೆ ಹೆಸರಿದೆ, ಪೂಜೆಯಿದೆ, ಭೂಮಿಯಿದೆ. ಹಂದಿಗೆ ಇರುವುದು 'ದೊಡ್ಡದು' ಎಂಬ ವಿಶೇಷಣ ಮಾತ್ರ. ಆ ವಿಶೇಷಣ ಕೂಡ ಹಂದಿಯ ಸಲುವಾಗಿ ಬಂದದ್ದಲ್ಲ, ನಾಯಿಯ ಶೌರ್ಯದ ಅಳತೆಗೋಲಾಗಿ ಬಂದದ್ದು. ಇಷ್ಟಾದರೂ ಸಾವಿನ ಮಾತು ಬಂದಾಗ ಶಾಸನಕಾರ ಹಂದಿಯನ್ನೂ ನಾಯಿಯನ್ನೂ ಒಂದೇ ವಾಕ್ಯದಲ್ಲಿ, ಒಂದೇ ಕ್ರಿಯಾಪದಕ್ಕೆ ಜೊತೆಗೂಡಿಸುತ್ತಾನೆ. ಶಿಲ್ಪಿಯೂ ಹಂದಿಯನ್ನು ಬಿದ್ದ ಬೇಟೆಯಾಗಿ ತೋರಿಸದೆ ಎದುರಾಳಿಯಾಗಿಯೇ ನಿಲ್ಲಿಸಿದ್ದಾನೆ. ಬೇಟೆಗಾರನ ಪಕ್ಷದ ಈ ಶಿಲ್ಪದಲ್ಲಿ ಮೃಗಕ್ಕೆ ದೊರೆತ ಗೌರವ ಅಷ್ಟು. ಅದನ್ನು ಕಡೆಗಣಿಸಬಾರದು, ಹಿಗ್ಗಿಸಿಯೂ ಹೇಳಬಾರದು.

ಇಲ್ಲಿ ಇನ್ನೊಂದು ಸಂಗತಿಯೂ ಗಮನಾರ್ಹ. ಈ ಕಲ್ಲು ನಿಂತದ್ದು ಜೈನಧರ್ಮಕ್ಕೆ ಆಶ್ರಯವಿತ್ತವರೆಂದು ಪ್ರಸಿದ್ಧರಾದ ಗಂಗರ ನಾಡಿನಲ್ಲಿ. ಬೂತುಗನ ಮಗ ಮಾರಸಿಂಹ ರಾಜ್ಯವನ್ನು ತೊರೆದು, ಬಂಕಾಪುರದಲ್ಲಿ ಅಜಿತಸೇನಾಚಾರ್ಯರ ಸನ್ನಿಧಿಯಲ್ಲಿ ಸಲ್ಲೇಖನ ವ್ರತದಿಂದ ದೇಹ ಬಿಟ್ಟವನು. ಹಂದಿಬೇಟೆಯ ನಾಯಿಗೆ ಪೂಜೆ ವಿಧಿಸಿದ ಕಲ್ಲಿಗೂ ಈ ವ್ರತಕ್ಕೂ ನಡುವೆ ಇರುವುದು ಒಂದು ತಲೆಮಾರು ಮಾತ್ರ. ಅಹಿಂಸೆಯ ತತ್ತ್ವವೂ ಬೇಟೆಯ ಸಂಭ್ರಮವೂ ಒಂದೇ ಅರಮನೆಯ ಅಂಗಳದಲ್ಲಿ ಬಹುಕಾಲ ಒಟ್ಟಿಗೆ ಬಾಳಿದವು. ಕ್ರೌರ್ಯದಿಂದ ಕರುಣೆಯ ಕಡೆಗೆ ನೇರವಾದ ಹಾದಿಯೊಂದನ್ನು ಶಿಲ್ಪದ ಚರಿತ್ರೆಯಲ್ಲಿ ಹುಡುಕುವವರಿಗೆ ಇದರಿಂದ ನಿರಾಸೆಯಾದೀತು.

ಮತ್ತೆ ಖಡ್ಗಮೃಗಕ್ಕೆ ಬರೋಣ. ಇದರ ರೂಪ ನಮ್ಮ ಶಿಲ್ಪಕ್ಕೆ ಹೊಸತಲ್ಲ. ಮೊಹೆಂಜೊದಾರೊದ ಮುದ್ರೆಗಳಲ್ಲಿ ಖಡ್ಗಮೃಗದ ಚರ್ಮದ ಮಡಿಕೆಗಳನ್ನು ಕವಚದ ಫಲಕಗಳಂತೆ ಸ್ಫುಟವಾಗಿ ಕೊರೆಯಲಾಗಿದೆ. 'ಪಶುಪತಿ' ಎಂದು ಹೆಸರಾದ ಮುದ್ರೆಯಲ್ಲಿ ಕುಳಿತ ಮೂರ್ತಿಯ ಸುತ್ತ ಆನೆ, ಹುಲಿ, ಕೋಣಗಳೊಡನೆ ಖಡ್ಗಮೃಗವೂ ಇದೆ. ಮಹಾರಾಷ್ಟ್ರದ ದೈಮಾಬಾದಿನಲ್ಲಿ 1974ರಲ್ಲಿ ದೊರೆತ ಕಂಚಿನ ಶಿಲ್ಪಗಳಲ್ಲಿ ಗಾಲಿಗಳ ಮೇಲೆ ನಿಂತ ಖಡ್ಗಮೃಗವೊಂದಿದೆ. ಇಂದು ಬಹುಮಟ್ಟಿಗೆ ಅಸ್ಸಾಂ, ಉತ್ತರ ಬಂಗಾಳ, ನೇಪಾಳದ ತರಾಯಿಗಳಿಗೆ ಸೀಮಿತವಾದ ಪ್ರಾಣಿ ಒಂದು ಕಾಲಕ್ಕೆ ಸಿಂಧೂ ಬಯಲಿನ ಶಿಲ್ಪಿಯ ಕಣ್ಣೆದುರಿಗೇ ಇತ್ತು. ಹದಿನಾರನೆಯ ಶತಮಾನದಲ್ಲಿಯೂ ಬಾಬರ ಪೇಶಾವರದ ಸುತ್ತಲಿನ ಕಾಡುಗಳಲ್ಲಿ ಅದನ್ನು ಬೇಟೆಯಾಡಿದುದನ್ನು ತನ್ನ ಆತ್ಮಕಥನದಲ್ಲಿ ಬರೆದಿದ್ದಾನೆ. ಮುದ್ರೆಯ ಖಡ್ಗಮೃಗವನ್ನು ಈಗ ನೋಡುವವರು, ಅದು ಹಿಂದೆ ಸರಿದು ಬಿಟ್ಟುಹೋದ ನೆಲದ ಹೆಜ್ಜೆಗುರುತನ್ನೇ ನೋಡುತ್ತಿದ್ದಾರೆ.

ಖಡ್ಗಮೃಗವನ್ನು ಬೇಟೆಯ ವಸ್ತುವಾಗಿ ತೋರಿಸಿದ ಅತ್ಯಂತ ಪ್ರಸಿದ್ಧ ಉಬ್ಬುಶಿಲ್ಪ ಒಂದು ನಾಣ್ಯದ ಮೇಲಿದೆ. ಐದನೆಯ ಶತಮಾನದ ಗುಪ್ತ ಚಕ್ರವರ್ತಿ ಒಂದನೆಯ ಕುಮಾರಗುಪ್ತ ಹೊರಡಿಸಿದ ಚಿನ್ನದ ನಾಣ್ಯದಲ್ಲಿ ಅರಸ ಕುದುರೆಯ ಮೇಲಿಂದ ಬಾಗಿ, ಕತ್ತಿಯಿಂದ ಖಡ್ಗಮೃಗವನ್ನು ಇರಿಯುತ್ತಿದ್ದಾನೆ. ನಾಣ್ಯದ ಬರಹದಲ್ಲಿ ಅವನನ್ನು 'ಖಡ್ಗತ್ರಾತಾ' ಎಂದು ಕರೆಯಲಾಗಿದೆ. ಸಂಸ್ಕೃತದಲ್ಲಿ ಖಡ್ಗವೆಂದರೆ ಕತ್ತಿಯೂ ಹೌದು, ಖಡ್ಗಮೃಗವೂ ಹೌದು. ಹೀಗಾಗಿ ಕತ್ತಿಯಿಂದ ಪ್ರಜೆಗಳನ್ನು ಕಾಯುವವನು, ಖಡ್ಗಮೃಗದಿಂದ ಕಾಯುವವನು ಎಂಬ ಎರಡೂ ಅರ್ಥಗಳು ಇಲ್ಲಿ ಒದಗುತ್ತವೆ. ಕವಿಗಳಿಗೆ ಪ್ರಿಯವಾದ ಶ್ಲೇಷೆಯನ್ನು ಟಂಕಸಾಲೆಯವನು ಬೆರಳಗಲದ ಚಿನ್ನದಲ್ಲಿ ಅಡಕಗೊಳಿಸಿದ ಜಾಣ್ಮೆ ಮೆಚ್ಚತಕ್ಕದ್ದೇ. ಆದರೆ ಆ ಶ್ಲೇಷೆಯ ಒಳಗಿರುವ ರಾಜಕೀಯವನ್ನೂ ಕಾಣಬೇಕು. ಹುಲ್ಲು ಮೇಯುವ, ಒಂಟಿಯಾಗಿ ಬದುಕುವ ಪ್ರಾಣಿಯೊಂದು ಇಲ್ಲಿ ಪ್ರಜೆಗಳ ಕಂಟಕವಾಗಿ ರೂಪಾಂತರಗೊಂಡಿದೆ. ಕೊಂದವನು 'ತ್ರಾತಾ', ಎಂದರೆ ಕಾಪಾಡಿದವನು ಆಗಿದ್ದಾನೆ.

ಇದೇ ಮೃಗವನ್ನು ಬೇರೊಂದು ಬಗೆಯಲ್ಲಿ ಕಂಡ ಪರಂಪರೆಯೂ ಈ ನೆಲದಲ್ಲಿತ್ತು. ಜೈನರ ಹನ್ನೊಂದನೆಯ ತೀರ್ಥಂಕರ ಶ್ರೇಯಾಂಸನಾಥರ ಲಾಂಛನ ಖಡ್ಗಮೃಗ. ಶ್ವೇತಾಂಬರರ ಕಲ್ಪಸೂತ್ರ ಮಹಾವೀರರ ಏಕಾಂಗಿತನವನ್ನು ವರ್ಣಿಸುವಾಗ ಖಡ್ಗಮೃಗದ ಒಂಟಿಕೊಂಬನ್ನೇ ಉಪಮೆಯಾಗಿ ತರುತ್ತದೆ. ಬೌದ್ಧರ ಪಾಲಿ ವಾಙ್ಮಯದಲ್ಲಿಯೂ ಒಂಟಿಯಾಗಿ ಚರಿಸುವ ಮುನಿಗೆ ಇದೇ ಹೋಲಿಕೆಯಿದೆ. ಶ್ರಮಣ ಕಲ್ಪನೆಯಲ್ಲಿ ಕೊಂಬು ಆಯುಧವಾಗಿ ಕಾಣಲಿಲ್ಲ, ಬೆಲೆಬಾಳುವ ಸರಕಾಗಿಯೂ ಕಾಣಲಿಲ್ಲ. ಜೊತೆ ಬೇಡದ ಬದುಕಿನ ಕುರುಹಾಗಿ ಕಂಡಿತು.

ಲಾಂಛನಗಳ ಪಟ್ಟಿಯನ್ನು ಒಟ್ಟಾಗಿ ನೋಡಿದರೆ ಒಂದು ವಿಚಿತ್ರ ಹೊಳೆಯುತ್ತದೆ. ಅಜಿತನಾಥರಿಗೆ ಆನೆ, ಅಭಿನಂದನರಿಗೆ ಕಪಿ, ವಾಸುಪೂಜ್ಯರಿಗೆ ಕೋಣ, ವಿಮಲನಾಥರಿಗೆ ಹಂದಿ, ಶಾಂತಿನಾಥರಿಗೆ ಜಿಂಕೆ, ಮುನಿಸುವ್ರತರಿಗೆ ಆಮೆ, ಮಹಾವೀರರಿಗೆ ಸಿಂಹ. ಅರಸನೊಬ್ಬನ ಬೇಟೆಯ ಬುತ್ತಿಯಲ್ಲಿ ಬರಬಹುದಾದ ಮೃಗಗಳೆಲ್ಲ ಜಿನಪೀಠದ ಕೆಳಗೆ ಬಂದು ನಿಂತಿವೆ. ಆತಕೂರಿನಲ್ಲಿ ಹೆಸರಿಲ್ಲದೆ ಸತ್ತ ಹಂದಿಯ ಜಾತಿಗೆ ಇಲ್ಲಿ ತೀರ್ಥಂಕರರೊಬ್ಬರನ್ನು ಗುರುತಿಸಿಕೊಡುವ ಹೊಣೆ. ಬೇಟೆಯ ನಿಷೇಧಕ್ಕಾಗಿಯೇ ಈ ಪಟ್ಟಿ ಹುಟ್ಟಿತೆಂದು ಹೇಳಲಾಗದು. ಲಾಂಛನಗಳು ವ್ಯವಸ್ಥಿತಗೊಂಡದ್ದು ಬಿಂಬಗಳನ್ನು ಗುರುತಿಸುವ ಅನುಕೂಲಕ್ಕಾಗಿ. ಮಥುರೆಯ ಕುಷಾಣ ಕಾಲದ ಬಿಂಬಗಳಲ್ಲಿ ಅವು ಇಲ್ಲ. ರಾಜಗೃಹದ ವೈಭಾರಗಿರಿಯಲ್ಲಿ ದೊರೆತ ಗುಪ್ತರ ಕಾಲದ ನೇಮಿನಾಥ ಬಿಂಬದ ಶಂಖ ಅತಿ ಪ್ರಾಚೀನ ನಿದರ್ಶನಗಳಲ್ಲೊಂದು. ಕರ್ನಾಟಕದ ಎಷ್ಟೋ ಬಿಂಬಗಳು ಲಾಂಛನವಿಲ್ಲದೆಯೇ ಇವೆ. ಆದರೂ ಶಿಲ್ಪದಲ್ಲಿ ಸ್ಥಾನವೇ ಮಾತು. ಗುಪ್ತರ ನಾಣ್ಯದಲ್ಲಿ ಖಡ್ಗಮೃಗವಿರುವುದು ಕುದುರೆಯ ಗೊರಸಿನ ಮುಂದೆ, ಕತ್ತಿಯ ಕೆಳಗೆ. ಪೀಠದ ಮೇಲೆ ಅದು ಯಾರ ಭಯವೂ ಇಲ್ಲದೆ ನಿಂತಿರುತ್ತದೆ.

ಸಾಯಲಿರುವ ಪ್ರಾಣಿಗಳ ಪಕ್ಷವನ್ನು ನೇರವಾಗಿಯೇ ವಹಿಸಿದ ಕಥಾಶಿಲ್ಪವೂ ಉಂಟು. ಮದುವೆಯ ದಿಬ್ಬಣದಲ್ಲಿ ಹೊರಟ ನೇಮಿಕುಮಾರ ದಾರಿಯಲ್ಲಿ ಕೂಡಿಹಾಕಿದ ಮೃಗಗಳನ್ನು ಕಂಡು, ಅವು ತನ್ನ ಮದುವೆಯ ಔತಣಕ್ಕಾಗಿ ಎಂದು ತಿಳಿದು, ರಥವನ್ನು ತಿರುಗಿಸಿ ವಿರಕ್ತನಾದ ಕಥೆ ಎರಡೂ ಪಂಥಗಳಲ್ಲಿ ಪ್ರಸಿದ್ಧ. ಗುಣಭದ್ರನ ಉತ್ತರಪುರಾಣದಲ್ಲಿ ಕೃಷ್ಣನೇ ನೇಮಿಗೆ ವೈರಾಗ್ಯ ಬರಲೆಂದು ಮೃಗಗಳನ್ನು ಕೂಡಿಹಾಕಿಸುತ್ತಾನೆ. ಅಬು ಪರ್ವತದಲ್ಲಿ ವಸ್ತುಪಾಲ ತೇಜಪಾಲರು ಹದಿಮೂರನೆಯ ಶತಮಾನದಲ್ಲಿ ಕಟ್ಟಿಸಿದ ಲೂಣವಸಹಿ ನೇಮಿನಾಥ ಬಸದಿಯ ಚಾವಣಿಯೊಂದರಲ್ಲಿ ಈ ದಿಬ್ಬಣವನ್ನು ಅಮೃತಶಿಲೆಯಲ್ಲಿ ಕೆತ್ತಲಾಗಿದೆ; ದೊಡ್ಡಿಯೊಳಗೆ ಒತ್ತೊತ್ತಾಗಿ ನಿಂತ ಪ್ರಾಣಿಗಳೂ ಅಲ್ಲಿವೆ. ಕನ್ನಡದ ಓದುಗರಿಗೆ ಇಲ್ಲೊಂದು ಕೊರಗು ಉಳಿಯುತ್ತದೆ. ನೇಮಿಚಂದ್ರ ಕವಿಯ ನೇಮಿನಾಥ ಪುರಾಣ ಕಂಸವಧೆಯ ಹಂತಕ್ಕೇ ನಿಂತು 'ಅರ್ಧನೇಮಿ' ಎನಿಸಿತು. ಶೃಂಗಾರಕ್ಕೆ ಹೆಸರಾದ ಆ ಕವಿ ದೊಡ್ಡಿಯ ಮೃಗಗಳ ಕಣ್ಣುಗಳನ್ನು ಹೇಗೆ ಕಂಡರಿಸುತ್ತಿದ್ದನೋ! ಕರ್ಣಪಾರ್ಯನ ಕಾವ್ಯ ಪೂರ್ತಿಯಾಗಿ ದೊರೆತಿದೆಯಾದರೂ ಆ ಕುತೂಹಲ ತೀರುವುದಿಲ್ಲ.

ಇಲ್ಲಿಯವರೆಗೆ ಶಿಲ್ಪ ಬೇಟೆಯನ್ನು ತೋರಿಸಿದ ಬಗೆಗಳನ್ನು ನೋಡಿದ್ದಾಯಿತು. ಆದರೆ ಖಡ್ಗಮೃಗದ ವಿಚಾರದಲ್ಲಿ ಶಿಲ್ಪಕಲೆ ಕೇವಲ ಸಾಕ್ಷಿಯಲ್ಲ, ಪಾಲುದಾರ ಕೂಡ. ಕ್ರಿಸ್ತಪೂರ್ವ 400ರ ಸುಮಾರಿನಲ್ಲಿ ಪಾರಸಿಕ ಆಸ್ಥಾನದಲ್ಲಿದ್ದ ಗ್ರೀಕ್ ವೈದ್ಯ ಕ್ಟೀಸಿಯಸ್, ಭಾರತದಲ್ಲಿ ಒಂಟಿಕೊಂಬಿನ ಕಾಡುಕತ್ತೆಯೊಂದಿದೆ, ಅದರ ಕೊಂಬಿನ ಬಟ್ಟಲಲ್ಲಿ ಕುಡಿದವರಿಗೆ ವಿಷ ತಾಗದು ಎಂದು ಬರೆದ. ಯುರೋಪಿನ ಯೂನಿಕಾರ್ನ್ ಕಲ್ಪನೆಯ ಒಂದು ಬೇರು ಅಲ್ಲಿದೆ. ಕೊಂಬಿನ ಬಟ್ಟಲು ವಿಷವನ್ನು ತಡೆಯುತ್ತದೆಂಬ ನಂಬಿಕೆ ಚೀನಾದಲ್ಲಿಯೂ ಬಲವಾಗಿತ್ತು. ಮಿಂಗ್ ಮತ್ತು ಚಿಂಗ್ ರಾಜಮನೆತನಗಳ ಕಾಲದಲ್ಲಿ ಕೊಂಬನ್ನು ಕಡೆದು, ಅದರ ಮೇಲೆ ಹೂಬಳ್ಳಿ, ಬೆಟ್ಟ, ಮರಗಳನ್ನು ಕೊರೆದ ಬಟ್ಟಲುಗಳು ಇಂದಿಗೂ ಜಗತ್ತಿನ ದೊಡ್ಡ ವಸ್ತುಸಂಗ್ರಹಾಲಯಗಳಲ್ಲಿವೆ. ಅವುಗಳ ಕುಸುರಿ ಅಸಾಧಾರಣವಾದದ್ದು. ಯೆಮೆನಿನಲ್ಲಿ ಜಂಬಿಯಾ ಎಂಬ ಬಾಗಿದ ಬಾಕಿನ ಹಿಡಿಗೆ ಈ ಕೊಂಬೇ ಶ್ರೇಷ್ಠವೆನಿಸಿ, 1970ರ ದಶಕದಲ್ಲಿ ಆಫ್ರಿಕದ ಖಡ್ಗಮೃಗಗಳ ಸಂಹಾರಕ್ಕೆ ಅದು ಮುಖ್ಯ ಕಾರಣಗಳಲ್ಲೊಂದಾಯಿತು. ಜ್ವರಕ್ಕೆ ಮದ್ದೆಂಬ ಚೀನೀ ವೈದ್ಯದ ನಂಬಿಕೆ ಇದಕ್ಕೆ ಜೊತೆಗೂಡಿತು. ಕೊಂಬಿನ ಧಾತು ಕೆರಾಟಿನ್. ಮನುಷ್ಯನ ಉಗುರು, ಕೂದಲುಗಳಲ್ಲಿರುವುದೂ ಅದೇ.

ಬೇಟೆ 'ಕಳ್ಳಬೇಟೆ'ಯಾದದ್ದು ತೀರ ಈಚೆಗೆ. ಕೂಚ್ ಬಿಹಾರದ ಮಹಾರಾಜ ನೃಪೇಂದ್ರ ನಾರಾಯಣ 1871ರಿಂದ 1907ರವರೆಗಿನ ತನ್ನ ಬೇಟೆಗಳನ್ನು ಲೆಕ್ಕವಿಟ್ಟು ಪುಸ್ತಕವಾಗಿಯೇ ಪ್ರಕಟಿಸಿದ. ಅದರಲ್ಲಿ ಖಡ್ಗಮೃಗಗಳ ಸಂಖ್ಯೆ 207. ಆ ಕಾಲಕ್ಕೆ ಅದು ಅಪರಾಧವಲ್ಲ, ಕೀರ್ತಿ. ಅದೇ ಅವಧಿಯ ಕೊನೆಯಲ್ಲಿ, 1908ರಲ್ಲಿ, ಕಾಜಿರಂಗ ಮೀಸಲು ಅರಣ್ಯವಾಯಿತು. 1954ರಲ್ಲಿ ಅಸ್ಸಾಂ ಖಡ್ಗಮೃಗ ಸಂರಕ್ಷಣೆಯ ಕಾಯಿದೆ, 1972ರಲ್ಲಿ ದೇಶಕ್ಕೆಲ್ಲ ಅನ್ವಯಿಸುವ ವನ್ಯಜೀವಿ ಕಾಯಿದೆ, 1974ರಲ್ಲಿ ರಾಷ್ಟ್ರೀಯ ಉದ್ಯಾನದ ಪಟ್ಟ ಒಂದೊಂದಾಗಿ ಬಂದವು. ಕಾನೂನು ಬಿಗಿಯಾದಂತೆ ಕೊಂಬಿನ ಬೆಲೆಯೂ ಏರಿತು. 2013 ಮತ್ತು 2014ರಲ್ಲಿ ಕಾಜಿರಂಗದಲ್ಲಿ ವರ್ಷಕ್ಕೆ 25ಕ್ಕೂ ಹೆಚ್ಚು ಖಡ್ಗಮೃಗಗಳು ಕಳ್ಳಬೇಟೆಗೆ ಬಲಿಯಾದವು. ಮುಖದಿಂದ ಕೊಂಬನ್ನಷ್ಟೇ ಕೊಯ್ದು, ಎರಡು ಸಾವಿರ ಕಿಲೋ ತೂಗುವ ದೇಹವನ್ನು ಅಲ್ಲೇ ಬಿಟ್ಟುಹೋಗುವ ಈ ಕೊಲೆಯಲ್ಲಿ ಆತಕೂರಿನ ಹಂದಿಗೆ ಸಿಕ್ಕ ಎದುರಾಳಿಯ ಸ್ಥಾನವೂ ಮೃಗಕ್ಕೆ ಇಲ್ಲ.

ಕಾಜಿರಂಗದ ಶಿಲ್ಪಗಳನ್ನು ಈ ಹಿನ್ನೆಲೆಯಲ್ಲಿ ನೋಡಿದಾಗ ಅವುಗಳ ವಿಶೇಷ ರೂಪದಲ್ಲಿಲ್ಲ, ಧಾತುವಿನಲ್ಲಿದೆ ಎಂಬುದು ಸ್ಪಷ್ಟವಾಗುತ್ತದೆ. ರೂಪದ ಮಟ್ಟಿಗೆ ಅವು ಇದ್ದುದನ್ನು ಇದ್ದಂತೆ ಅನುಕರಿಸಿದ ಶಿಲ್ಪಗಳು. ಮೊಹೆಂಜೊದಾರೊದ ಅನಾಮಧೇಯ ಕುಶಲಿ ನಾಲ್ಕಾರು ಗೆರೆಗಳಲ್ಲಿ ಹಿಡಿದ ಸತ್ತ್ವ ಅವುಗಳಲ್ಲಿ ಇದೆಯೆಂದು ಹೇಳುವುದು ಕಷ್ಟ. ಆದರೆ ಬೇಟೆಯ ಶಿಲ್ಪಗಳೆಲ್ಲ ಕೊಂದವನ ಖರ್ಚಿನಲ್ಲಿ, ಕೊಂದವನ ಕಲ್ಲಿನಲ್ಲಿ ರೂಪುಗೊಂಡವು; ಚೀನಾದ ಬಟ್ಟಲುಗಳು ಸತ್ತ ಮೃಗದ ಕೊಂಬಿನಿಂದಲೇ ಆದವು, ಆದರೆ ಮೃಗವನ್ನು ಮರೆಸಿ ಹೂಬಳ್ಳಿಯನ್ನು ತೋರಿದವು. ಇಲ್ಲಿ ಕೊಂಬು ಮತ್ತೆ ಮೃಗದ ಆಕಾರಕ್ಕೇ ಮರಳಿದೆ. ಕದ್ದವನಿಗೆ ಬಂಗಾರದಂತಿದ್ದುದು ಬೂದಿಯಾಗಿ, ಬೂದಿ ಯಾರೂ ಕೊಂಡು ಮಾರಲಾಗದ ಮೈಯಾಗಿದೆ. ಕಳ್ಳಬೇಟೆಯನ್ನು ಕುರಿತು ಶಿಲ್ಪವೊಂದು ಆಡಬಹುದಾದ ಮಾತುಗಳಲ್ಲಿ ಇದು ಸಾಕಷ್ಟು ನಿಷ್ಠುರವಾದದ್ದು: ನೀವು ಬೆಲೆ ಕಟ್ಟಿದ್ದು ಇದಕ್ಕೆ.

ಆಕ್ಷೇಪಗಳಿಲ್ಲವೆಂದಲ್ಲ. ದಾಸ್ತಾನನ್ನು ಸುಟ್ಟರೆ ಸರಕು ವಿರಳವಾಗಿ ಕಳ್ಳಸಂತೆಯಲ್ಲಿ ಬೆಲೆ ಇನ್ನಷ್ಟು ಏರೀತೆಂಬ ವಾದ, 1989ರಲ್ಲಿ ಕೆನ್ಯಾ ದೇಶ ನೈರೋಬಿಯಲ್ಲಿ 12 ಟನ್ ಆನೆದಂತವನ್ನು ಸುಟ್ಟಂದಿನಿಂದಲೂ ಕೇಳಿಬರುತ್ತಿದೆ. ಆದರೆ ಭಾರತದ ಕಾನೂನಿನಲ್ಲಿ ಈ ಕೊಂಬುಗಳನ್ನು ಮಾರಲು ಅವಕಾಶವೇ ಇಲ್ಲದಿರುವಾಗ, ಖಜಾನೆಯಲ್ಲಿ ಕಾವಲಿಟ್ಟು ಕಾಯುವುದೇ ಅದಕ್ಕೊಂದು ಬೆಲೆಯಿದೆಯೆಂದು ಒಪ್ಪಿಕೊಂಡಂತೆ. ಸುಟ್ಟದ್ದರ ಔಚಿತ್ಯ ಅಲ್ಲಿದೆ. ಇನ್ನೊಂದು ಆಕ್ಷೇಪ ಸ್ಮಾರಕದ ಹೆಸರಿಗೆ ಸಂಬಂಧಿಸಿದ್ದು; ಅದು ಹೆಚ್ಚು ತೂಕದ್ದು. ಪ್ರಾಣಿಶಾಸ್ತ್ರದಲ್ಲಿ ಈ ಮೃಗಕ್ಕೆ 'ರೈನೋಸೆರಸ್ ಯೂನಿಕಾರ್ನಿಸ್' ಎಂಬ ಹೆಸರಿರುವುದು ನಿಜ. ಆದರೆ ಕೊಂಬಿನ ಮಾಂತ್ರಿಕ ಶಕ್ತಿಯ ನಂಬಿಕೆಯನ್ನು ಸುಡಲೆಂದು ಹಚ್ಚಿದ ಬೆಂಕಿಯ ಬೂದಿಗೆ, ಅದೇ ನಂಬಿಕೆಯನ್ನು ಲೋಕಕ್ಕೆಲ್ಲ ಹಬ್ಬಿಸಿದ ಕಲ್ಪಿತ ಪ್ರಾಣಿಯ ಹೆಸರನ್ನು ಇಡಬೇಕಾಗಿರಲಿಲ್ಲ. ಅಸಮಿಯಾದಲ್ಲಿ ಈ ಮೃಗಕ್ಕೆ 'ಗಁಡ' ಎಂಬ ಗಟ್ಟಿಯಾದ ಹೆಸರಿದೆ.

ಶಿಲ್ಪಗಳು ನಿಂತ 2022ರ ಮಾರ್ಚ್ ಗಣತಿಯಲ್ಲಿ ಕಾಜಿರಂಗದ ಖಡ್ಗಮೃಗಗಳ ಸಂಖ್ಯೆ 2,613. ಆ ವರ್ಷ ಅಸ್ಸಾಮಿನಲ್ಲಿ ಒಂದು ಖಡ್ಗಮೃಗವೂ ಕಳ್ಳಬೇಟೆಗೆ ಬಲಿಯಾಗಲಿಲ್ಲವೆಂದು ಸರ್ಕಾರ ಪ್ರಕಟಿಸಿತು. ಅದರ ಶ್ರೇಯ ಶಿಲ್ಪಕ್ಕಲ್ಲ, ಕೆಸರು ಹುಲ್ಲುಗಾವಲುಗಳಲ್ಲಿ ಹಗಲಿರುಳು ಕಾವಲು ತಿರುಗುವ ಅರಣ್ಯ ಸಿಬ್ಬಂದಿಗೆ. ಬಳಿಕದ ವರ್ಷಗಳಲ್ಲಿ ಕೊಂಬಿಲ್ಲದ ಕಳೇಬರಗಳು ಮತ್ತೆ ಸಿಕ್ಕಿವೆ. ಬೊಕಾಖಾತ್‌ನಲ್ಲಿ ಎಲ್ಲ ಕೊಂಬುಗಳನ್ನೂ ಸುಡಲಿಲ್ಲ: 94 ಕೊಂಬುಗಳನ್ನು ಪರಂಪರೆಯ ವಸ್ತುಗಳೆಂದು ಕಾದಿಡಲಾಯಿತು, ಇನ್ನು ಕೆಲವು ಮೊಕದ್ದಮೆಗಳು ಮುಗಿಯದ ಕಾರಣ ನ್ಯಾಯಾಲಯದ ಸಾಕ್ಷ್ಯಗಳಾಗಿ ಬೀಗದ ಒಳಗೇ ಉಳಿದವು.